ಮೂರು ಸೆಕೆಂಡಿನ ಸೋರಿಕೆ

ಭಾನುವಾರ ಮಧ್ಯಾಹ್ನ. ಕಮಲಾಪುರದ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು, ಮೂರು ವಾರದ ಹಿಂದೆ ನಾನೇ ಬರೆದ ಕೋಡನ್ನು ಮತ್ತೆ ಓದುತ್ತಿದ್ದೆ. ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಬಿಡುವಿನಲ್ಲಿ ಗೆಳತಿಯ ಜೊತೆ ಸೇರಿ ಒಂದು ಆ್ಯಪ್ ನೋಡಿಕೊಳ್ಳುತ್ತೇನೆ. ಸುದ್ದಿಯ ವೆಬ್‌ಸೈಟುಗಳಿಗೆ ತಡೆ ಇರುವ ದೇಶಗಳಲ್ಲಿ ಜನ ಅದರ ಮೂಲಕ ಸುದ್ದಿ ಓದುತ್ತಾರೆ. ಓದುತ್ತಿರುವುದು ಯಾರೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಕೋಡು ತೆರೆದು ನೋಡಬಹುದು, ತಿದ್ದಬಹುದು.

ಗೊತ್ತಾಗುವುದಿಲ್ಲ ಎಂದೇ ನಂಬಿದ್ದೆ. ಆದರೆ ನನ್ನದೇ ಒಂದು ಸಾಲಿನಿಂದಾಗಿ, ಸಂಪರ್ಕ ಕಡಿದು ಮತ್ತೆ ಕೂಡಿಕೊಳ್ಳುವಾಗ ಎರಡು ಮೂರು ಸೆಕೆಂಡು ಫೋನಿನ ನಿಜವಾದ ಇಂಟರ್ನೆಟ್ ವಿಳಾಸ ಹೊರಗೆ ಸೋರುತ್ತಿತ್ತು.

ಓದುವವರು ಯಾರೆಂದು ಅಲ್ಲಿನ ಸರ್ಕಾರ ಪತ್ತೆ ಹಚ್ಚಲು ಅಷ್ಟು ಸಾಕು. ಬಳಸುವವರಲ್ಲಿ ಒಬ್ಬರು ಎರಡು ವರ್ಷದಿಂದ ವಾರಕ್ಕೊಮ್ಮೆ ಬರೆದು, ಆ್ಯಪ್ ಎಲ್ಲಿ ಕೈಕೊಡುತ್ತದೆಂದು ತಿಳಿಸುತ್ತಿದ್ದರು. ಅವರ ಹೆಸರು, ದೇಶ ಯಾವುದೂ ನನಗೆ ಗೊತ್ತಿಲ್ಲ. ತಮ್ಮಲ್ಲಿ ಸಂಪರ್ಕ ಗಳಿಗೆಗೊಮ್ಮೆ ಕಡಿಯುತ್ತದೆ ಎಂದು ಒಮ್ಮೆ ಬರೆದಿದ್ದರು. ಈಗ ಎರಡು ವಾರದಿಂದ ಅವರ ಸುದ್ದಿಯೇ ಇರಲಿಲ್ಲ.

"ಯಾಕ ತಂಗಿ, ಮಾರಿ ಹಿಂಗ ಆಗ್ಯಾದ?" ಅಕ್ಕ ಕೇಳಿದಳು.

"ನನ್ನ ಕೈಲಿ ತಪ್ಪಾಗ್ಯಾದ ಅಕ್ಕ. ಆ್ಯಪ್ ಬಳಸೋರನ್ನ ಅಲ್ಲಿ ಪೊಲೀಸ್ರು ಹಿಡಕೊಂಡು ಹೋಗಬಹುದು."

"ಅವ್ರಿಗೆ ಹೇಳಿದಿ?"

"ಇನ್ನಾ ಇಲ್ಲ."

"ಹಂಗಾದ್ರ ಇಲ್ಲಿ ಕೂತು ಏನ್ ಮಾಡಾಕತ್ತಿ? ಹೋಗು."

ಗೆಳತಿಗೆ ಫೋನ್ ಮಾಡಿದೆ. ನಂದೂರಿನ ಬೇಳೆ ಮಿಲ್ಲುಗಳಲ್ಲಿ ಬೇಳೆ ಆರಿಸುವ ಯಂತ್ರಗಳ ರಿಪೇರಿ ಅವಳ ಕೆಲಸ. ಯಂತ್ರದ ಸದ್ದಿನ ನಡುವೆ ಎಲ್ಲ ಕೇಳಿಸಿಕೊಂಡು, "ಆ ಸಾಲು ನಾನೂ ಓದಿ ಸೈ ಅಂದೀನಿ. ನಿಂದೊಬ್ಬಾಕಿದೇ ತಪ್ಪಲ್ಲ. ಮನಿಗೆ ಬಾ," ಎಂದಳು.

ಕಲಬುರಗಿಯಲ್ಲಿ ಬಸ್ಸಿಳಿದು, ಸೂಪರ್ ಮಾರ್ಕೆಟ್ ಹಿಂದಿನ ಅವಳ ಮನೆ ಮುಟ್ಟಿದೆ. ಅವಳ ಅಮ್ಮಿ ತಂದಿಟ್ಟ ಚಹಾ ಆರಿಹೋಯಿತು. ಸಂಜೆಯ ಹೊತ್ತಿಗೆ ತಪ್ಪು ತಿದ್ದಿ ಹೊಸ ಆವೃತ್ತಿ ಬಿಟ್ಟಿದ್ದೆವು. ತಪ್ಪನ್ನು ಜನರಿಗೆ ಹೇಳುವುದು ಯಾವಾಗ ಎಂಬಲ್ಲಿ ಜಗಳವಾಯಿತು.

"ಎರಡು ದಿನ ತಡಿ," ಎಂದಳು ಅವಳು. "ಜನ ಹೊಸಾದು ಹಾಕ್ಕೊಳ್ಳಲಿ. ಈಗ್ಲೇ ಹೇಳಿದ್ರ, ಹುಡುಕೋರಿಗೂ ದಾರಿ ತೋರಿಸಿದಂಗ."

"ಹುಡುಕೋರಿಗೆ ಆಗ್ಲೇ ಗೊತ್ತಿದ್ರ? ಎರಡು ದಿನದಾಗ ಯಾರನ್ನರೆ ಒಯ್ದ್ರ?"

ಅವಳು ಹೇಳಿದ್ದೂ ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. ಕೊನೆಗೆ ಅವಳೇ ಲ್ಯಾಪ್‌ಟಾಪ್ ಎಳೆದುಕೊಂಡು, ತಪ್ಪು ಏನು, ಎಂದಿನಿಂದ, ಯಾರಿಂದ ಎಂದು ಬರೆದು ಎಲ್ಲರಿಗೂ ಪ್ರಕಟಿಸಿದಳು.

ಆಮೇಲೆ ಕಾಯುವುದೊಂದೇ ಉಳಿಯಿತು. ಪಾಠದ ನಡುವೆ ಮಾತು ತಪ್ಪುತ್ತಿದ್ದೆ. ಜಗತ್ ವೃತ್ತದಲ್ಲಿ ಸಿಗ್ನಲ್ ಬಿಟ್ಟದ್ದೂ ತಿಳಿಯದೆ ಸ್ಕೂಟರ್ ಮೇಲೆ ಫೋನ್ ನೋಡುತ್ತ ನಿಂತಿದ್ದಾಗ, ಹಿಂದಿನ ಆಟೋದವನು, "ನಡೀರಿ ಮೇಡಂ, ಇಲ್ಲೇ ಮನಿ ಮಾಡ್ತೀರೇನು?" ಎಂದ.

ಹನ್ನೊಂದನೆಯ ದಿನ, ವಾರಕ್ಕೊಮ್ಮೆ ಬರೆಯುತ್ತಿದ್ದ ಆ ಬಳಕೆದಾರರಿಂದ ಮೂರು ಸಾಲು ಬಂತು. "ನಿಮ್ಮ ಪ್ರಕಟಣೆ ಓದಿದೆ. ಆ ಫೋನ್ ಈಗ ನನ್ನ ಹತ್ತಿರ ಇಲ್ಲ. ಇನ್ನು ಕೆಲವು ತಿಂಗಳು ಬರೆಯಲಾರೆ."

ಫೋನನ್ನು ಅವರೇ ಬಿಟ್ಟರೋ, ಯಾರಾದರೂ ಕಿತ್ತುಕೊಂಡರೋ, ಅದರಲ್ಲಿರಲಿಲ್ಲ. ಗೆಳತಿ ಎರಡು ಸಲ ಓದಿ, "ಜೀವಂತ ಅದಾರ," ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡಳು. ಕೆಲವು ತಿಂಗಳು ಎಂದವರು ವರ್ಷವಾದರೂ ಬರೆದಿಲ್ಲ. ಈಗ ಪ್ರತಿ ಹೊಸ ಆವೃತ್ತಿಗೂ ಮೊದಲು ನಾವಿಬ್ಬರೂ ಎದುರುಬದುರು ಕೂತು, ಸಂಪರ್ಕವನ್ನು ಕೈಯಾರೆ ನೂರು ಸಲ ಕಡಿದು ನೋಡುತ್ತೇವೆ.