ಮೊದಲೇ ಹೇಳಿದವರು ಯಾರು?

ಇವತ್ತು ಬೆಳಿಗ್ಗೆ ಗೇಟಿಗೆ ತಂದ ಹೊಸ ಮರದ ಕಂಬದ ಬುಡಕ್ಕೆ ಡಾಂಬರು ಬಳಿಯುತ್ತ ಕೂತಿದ್ದೆ. ಈ ವಯಸ್ಸಿನಲ್ಲಿ ಯಾಕೆ ಬೇಕು ಅನ್ನಬೇಡಿ. ನಿವೃತ್ತನ ಮರ್ಯಾದೆ ಮನೆಯಲ್ಲಿ ಉಳಿಯುವುದು ಇಂಥ ಕೆಲಸಗಳಿಂದಲೇ. ಹೆಂಡತಿ ಹೊಸಿಲಲ್ಲಿ ನಿಂತು, "ಆ ಜಾಗ ಬೇಡ, ಸೂರಿನ ನೀರೆಲ್ಲ ಅಲ್ಲೇ ನಿಲ್ತದೆ" ಅಂದಳು. ಮೂವತ್ತು ವರ್ಷ ಕಂಬ ನೆಡಿಸಿದವನಿಗೆ ಪಾಠವೇ ಎಂದು ಬಾಯಿ ತೆರೆಯುವಷ್ಟರಲ್ಲಿ ಡಾಂಬರಿನ ವಾಸನೆ ಮೂಗಿಗೆ ಬಡಿದು ಹಳೆಯ ಕರೆಂಟ್ ಕಂಬಗಳು ನೆನಪಾದವು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅರವತ್ತರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಕರೆಂಟ್ ಎಳೆಯಲು ಮೂರು ತಂಡಗಳಿದ್ದವು: ಸಾಗರದ್ದು, ಹೊಸನಗರದ್ದು, ತೀರ್ಥಹಳ್ಳಿಯದ್ದು. ಸಾಗರದ ತಂಡಕ್ಕೆ ನಾನು ಓವರ್‌ಸಿಯರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಗತ್ತು ಮಾತ್ರ ಕಾಯಂ ಆಗಿತ್ತು. ಒಂದು ತಂಡ ಕಲಿತದ್ದು ಇನ್ನೊಂದಕ್ಕೆ ತಿಳಿಯಲಿ ಎಂದು ಆಫೀಸಿನವರು ‘ಅನುಭವ ವರದಿ’ ಎಂಬ ಫಾರಂ ಅಚ್ಚು ಹಾಕಿಸಿದ್ದರು. ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಬರೆದು ಉಳಿದ ಎರಡು ತಂಡಗಳಿಗೆ ಕಳಿಸಬೇಕು. ನಾವು ತಪ್ಪದೆ ಕಳಿಸುತ್ತಿದ್ದೆವು. ಏನೇ ಕೆಟ್ಟಿರಲಿ, ಕಾರಣದ ಜಾಗದಲ್ಲಿ ‘ಅತಿವೃಷ್ಟಿ’ ಎಂದೇ ಬರೆಯುತ್ತಿದ್ದೆವು. ಆಗುಂಬೆ ಪಕ್ಕದಲ್ಲೇ ಇರುವಾಗ ಯಾರು ಅನುಮಾನಿಸುತ್ತಾರೆ, ನೀವೇ ಹೇಳಿ. ವೈರಿನ ಸುರುಳಿ ಲಾರಿಯಿಂದ ಉರುಳಿ ಕೆರೆಗೆ ಬಿದ್ದಾಗಲೂ ಹೊಸನಗರದವರು ಮಳೆಯನ್ನೇ ದೂರಿದ್ದರು. ಅದು ಫೆಬ್ರವರಿಯಲ್ಲಿ.

ನನ್ನ ಅತಿವೃಷ್ಟಿಯ ಕಥೆ ಬೇರೆ. ಒಂದು ಬೇಸಿಗೆಯಲ್ಲಿ ಗದ್ದೆಬಯಲಿನ ಉದ್ದಕ್ಕೂ ಹನ್ನೆರಡು ಕಂಬ ನೆಡಿಸುತ್ತಿದ್ದೆ. ಹಾರೆ ಹಾಕಿದರೆ ನೆಲ ಠಣ್ ಅನ್ನುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ನಾಟಿ ಹೊತ್ನಾಗೆ ಇಲ್ಲಿ ಮೊಣಕಾಲ್ವರೆಗೂ ಹೂತೋಗ್ತದೆ ಸಾಯ್ಬ್ರೆ. ಇಷ್ಟ್ ಗುಂಡಿ ಸಾಲಲ್ಲ" ಅಂದಳು. ನಾನು ಇಲಾಖೆಯ ನಿಯಮದ ಪುಸ್ತಕ ತೆಗೆದು ಎಷ್ಟು ಆಳವಿರಬೇಕೆಂದು ಓದಿ ಹೇಳಿದೆ, ಇಂಗ್ಲಿಷಿನಲ್ಲಿ. "ಹಂಗಾರೆ ಸರಿ ಬಿಡಿ" ಎಂದು ಹೊರೆ ಸರಿಮಾಡಿಕೊಂಡು ಹೋದಳು. ಮಳೆಗಾಲದಲ್ಲಿ ಗದ್ದೆ ಗಂಜಿಯಾಯಿತು. ಹನ್ನೆರಡೂ ಕಂಬಗಳು ಊಟದ ಪಂಕ್ತಿಯಲ್ಲಿ ತೂಕಡಿಸುವವರ ಹಾಗೆ ಒಂದೇ ಕಡೆಗೆ ವಾಲಿದವು. ‘ಅತಿವೃಷ್ಟಿ’ ಎಂದು ಬರೆದು ಸಹಿ ಹಾಕಿದೆ.

ಮುಂದಿನ ಬೇಸಿಗೆಯಲ್ಲಿ ಹೊಸನಗರದಲ್ಲಿ ಮೂರೂ ತಂಡಗಳ ಸಭೆ. ತೀರ್ಥಹಳ್ಳಿಯ ಓವರ್‌ಸಿಯರ್ ಶೀನಪ್ಪ ನಕ್ಷೆ ಬಿಡಿಸಿ, ಕೋಣಂದೂರಿನ ಗದ್ದೆಗಳಲ್ಲಿ ನಲವತ್ತು ಕಂಬ, ನಾಳೆಯೇ ಶುರು ಎಂದ. ನನ್ನನ್ನು ಕಾಯಂ ಮಾಡಬೇಕಾದ ಇಂಜಿನಿಯರ್ ಸಾಹೇಬರು ಎದುರಿಗೇ ಕೂತಿದ್ದರು. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗಬಹುದು. ಬಿಡದಿದ್ದರೆ ಶೀನಪ್ಪನ ಕಂಬಗಳು ನಾಟಿ ಮಾಡುವವರ ಮೇಲೇ ಬೀಳಬಹುದು. ಭಯವಾಯಿತು, ಆದರೂ ಎದ್ದು ನಿಂತೆ. "ನಮ್ಮ ಕಂಬ ವಾಲಿಸಿದ್ದು ಮಳೆ ಅಲ್ಲ ಸಾರ್, ನಾನು" ಎಂದು ಆ ಹೆಂಗಸಿನ ಮಾತನ್ನೂ ಸೇರಿಸಿ ಹೇಳಿಬಿಟ್ಟೆ.

ಶೀನಪ್ಪ ನಕ್ಷೆ ಮಡಚಿಟ್ಟು, "ನಂಗೂ ಒಬ್ಳು ಅಜ್ಜಿ ಅದನ್ನೇ ಹೇಳಿದ್ಲು ಮಾರಾಯ. ನಾನೂ ಪುಸ್ತಕ ತೋರ್ಸಿ ಬಂದೆ" ಎಂದ. ಹೊಸನಗರದವರು ಕೆರೆಗೆ ಬಿದ್ದ ಸುರುಳಿಯ ನಿಜ ಹೇಳಿದರು: ಹಗ್ಗ ಬಿಗಿ ಮಾಡಿ ಎಂದು ಕ್ಲೀನರ್ ಎರಡು ಸಲ ಕೂಗಿದ್ದನಂತೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಅಷ್ಟು ಸಂತೋಷದ ಸಭೆಯನ್ನು ನಾನು ಮತ್ತೆ ನೋಡಲಿಲ್ಲ. ಕೊನೆಗೆ ಅವರು ಫಾರಮ್ಮಿನಲ್ಲಿ ಕೈಯಿಂದಲೇ ಹೊಸ ಕಾಲಂ ಎಳೆದರು: ‘ಮೊದಲೇ ಹೇಳಿದವರು ಯಾರು?’ ನೀವೇ ಮೊದಲು ತುಂಬಿ ಎಂದು ನನ್ನ ಕಡೆ ತಳ್ಳಿದರು. ನನಗೆ ಅವಳ ಹೆಸರೇ ಗೊತ್ತಿರಲಿಲ್ಲ.

ಸಾಗರಕ್ಕೆ ಮರಳಿದವನೇ ಸೈಕಲ್ ತುಳಿದುಕೊಂಡು ಆ ಬಯಲಿಗೆ ಹೋಗಿ, ಸೊಪ್ಪಿನ ಹೊರೆಯ ಹೆಂಗಸನ್ನು ಹುಡುಕಿ ಹೆಸರು ಕೇಳಿದೆ. "ಹೆಸ್ರು ಯಾಕ್ರಾ? ಕಂಬ ವಾಲಿದ್ದಕ್ಕೆ ನನ್ ಮೇಲೆ ಕೇಸಾ?" ಎಂದಳು. ನೀನು ಹೇಳಿದ್ದು ಸರಿ ಅಂತ ಬರೆಯಬೇಕು ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಚೌಡಮ್ಮ. ದೊಡ್ಡಕ್ಷರದಾಗೆ ಬರೀರಿ" ಎಂದಳು. ಹಾಗೇ ಬರೆದೆ. ಕೋಣಂದೂರಿನ ಕಂಬಗಳು ಇನ್ನೂ ಎರಡಡಿ ಆಳಕ್ಕೆ ಇಳಿದು, ಮಳೆಗಾಲ ಕಳೆದರೂ ನೆಟ್ಟಗೆ ನಿಂತವು. ನಾನೂ ಕಾಯಂ ಆದೆ.

ಇಷ್ಟೆಲ್ಲ ನೆನಪಾದ ಮೇಲೆ ಬ್ರಷ್ ಕೆಳಗಿಟ್ಟು, "ಹಂಗಾದ್ರೆ ಎಲ್ಲಿ ನೆಡ್ಲಿ?" ಎಂದು ಹೆಂಡತಿಯನ್ನು ಕೇಳಿದೆ. ಅವಳು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆ ಅವಳು ಕೇಳಿಸಿಕೊಂಡಿರಲಿಲ್ಲ. ಮೂರು ತಾಲ್ಲೂಕಿಗೆ ಹಂಚಿದ ಪಾಠವನ್ನು ನಾನು ಮನೆಗೆ ಮಾತ್ರ ತಂದಿರಲಿಲ್ಲ. ಅವಳು ಕಾಲಿನಿಂದ ಗೆರೆ ಎಳೆದು ಜಾಗ ತೋರಿಸಿ, "ತೋಡಿ ಮೊದ್ಲು, ಆಳ ಸಾಕೋ ಇಲ್ವೋ ನಾನ್ ಹೇಳ್ತೀನಿ" ಅಂದಳು. ತೋಡುತ್ತಿದ್ದೇನೆ.