ಈಜು ಬಾರದ ಎವಾರಿಸ್ತೊ

ಎವಾರಿಸ್ತೊ ಸಮುದ್ರ ಈಜಿದ್ದು ಸತ್ತು ಏಳು ತಿಂಗಳಾದ ಮೇಲೆ. ಬದುಕಿರುವಷ್ಟು ದಿನ ಅವನಿಗೆ ಈಜು ಬರುತ್ತಿರಲಿಲ್ಲ.

ಅವನ ಹೆಂಡತಿ ಒನೇಲಿಯಾಗೆ ಈ ಸುದ್ದಿ ಸಿಕ್ಕಿದ್ದು ಕಟ್ಟಡದ ಮೆಟ್ಟಿಲ ಮೇಲೆ. ಮೂರನೇ ಮಹಡಿಯ ಹೆಂಗಸು ಎದುರಾಗಿ ಕೈ ಹಿಡಿದುಕೊಂಡಳು.

"ನಿಮ್ಮೆಜಮಾನ್ರು ಸಿಂಹ ಕಣ್ರೀ! ಇಷ್ಟು ವರ್ಷ ಕಣ್ಮುಂದೇನೇ ಓಡಾಡಿದ್ರು, ನಮಗೆ ಗೊತ್ತೇ ಇರ್ಲಿಲ್ಲ."

ಆ ಹೆಂಗಸಿನ ಮಗ ಓದುವ ವಿಶ್ವವಿದ್ಯಾಲಯದಲ್ಲಿ ಕೆರಿಬಿಯನ್ ದ್ವೀಪದ ದೊಮಿನಿಕನ್ ಜನರ ಬಗ್ಗೆಯೇ ಅಧ್ಯಯನ ಮಾಡುವ ಸಂಸ್ಥೆಯೊಂದಿದೆ. ದ್ವೀಪ ಬಿಟ್ಟು ನ್ಯೂಯಾರ್ಕಿಗೆ ಬಂದವರ ಫೋಟೊ, ಕಾಗದ, ಮಾತು ಎಲ್ಲವನ್ನೂ ಅಲ್ಲಿ ಕೂಡಿಡುತ್ತಾರೆ. ಶುಕ್ರವಾರ ಅಲ್ಲಿ ಪ್ರದರ್ಶನ ಶುರು. ಕಳ್ಳದೋಣಿಯಲ್ಲಿ ಸಮುದ್ರ ದಾಟಿ ಬಂದವರ ಕುರಿತು. ಗೋಡೆಗೆ ಆಗಲೇ ಬೋರ್ಡು ಹಾಕಿದ್ದರು. ಹುಡುಗ ಅದರ ಚಿತ್ರ ತೆಗೆದು ತಂದಿದ್ದ.

ಒನೇಲಿಯಾ ಓದಿದ್ದು ಮೂರನೇ ಕ್ಲಾಸು. ಹೆಂಗಸಿನಿಂದಲೇ ಓದಿಸಿದಳು. ದೋಣಿ ಮಗುಚಿದಾಗ ಎವಾರಿಸ್ತೊ ಇಬ್ಬರನ್ನು ಬೆನ್ನ ಮೇಲೆ ಹೊತ್ತು ಈಜಿ ದಡ ಸೇರಿಸಿದನಂತೆ. ಮೇಲೆ ಅವನದೇ ಫೋಟೊ. ಮದುವೆಮನೆಯಲ್ಲಿ ತೆಗೆದದ್ದು, ಟೈ ಬಿಗಿಯಾಗಿ ಮುಖ ಗಂಟಿಕ್ಕಿದ್ದ. ಅದೇ ಈಗ ವೀರನ ಮುಖದ ಹಾಗೆ ಕಾಣುತ್ತಿತ್ತು.

ಇದು ಕೂಕೊನ ಕೆಲಸ ಎಂದು ಅವಳಿಗೆ ಆಗಲೇ ತಿಳಿಯಿತು.

ಕೂಕೊ ಎವಾರಿಸ್ತೊನ ಗೆಳೆಯ. ಗಂಡಹೆಂಡತಿ ತಮ್ಮ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದಾಗ ಧರ್ಮತಂದೆಯಾಗಿ ನಿಂತವನು. ಅವತ್ತಿನಿಂದ ಅವನು ಇವಳಿಗೆ ಕೊಂಪಾದ್ರೆ, ಇವಳು ಅವನಿಗೆ ಕೊಮಾದ್ರೆ. ಸತ್ತವರ ಮನೆಯಲ್ಲಿ ಒಂಬತ್ತು ದಿನ ಪ್ರಾರ್ಥನೆ ನಡೆಯುತ್ತದೆ. ಒಂಬತ್ತನೇ ದಿನ ಪ್ರಾರ್ಥನೆ ಮುಗಿದು ಶುಂಠಿ ಚಹಾ ಬಂದ ಮೇಲೆ ಸತ್ತವನ ಕತೆ ಹೇಳುತ್ತಾರೆ. ಒಬ್ಬರು ಹೇಳಿದ್ದಕ್ಕಿಂತ ಇನ್ನೊಬ್ಬರದು ದೊಡ್ಡದಾಗಿರಬೇಕು. ಯಾರೂ ಇಲ್ಲ ಅನ್ನಬಾರದು. ಅವತ್ತಿನ ಸುಳ್ಳಿಗೆ ಪಾಪವಿಲ್ಲ. ಎವಾರಿಸ್ತೊನ ಒಂಬತ್ತನೇ ದಿನ ಕೂಕೊ ಹೇಳಿದ್ದು ಸಮುದ್ರದ ಕತೆ. ಸಂಸ್ಥೆಯಿಂದ ಬಂದ ಹುಡುಗಿ ಅವತ್ತು ಮೂಲೆಯಲ್ಲಿ ಯಂತ್ರ ಇಟ್ಟುಕೊಂಡು ಕೂತಿದ್ದಳು. ಮಾತು ಹಿಡಿದಿಡಬಹುದೇ ಎಂದು ಕೇಳಿದ್ದಳು. ಒನೇಲಿಯಾ ತಲೆ ಆಡಿಸಿದ್ದಳು. ಅವತ್ತು ಮನೆ ಮಾರಿಬಿಡಲೇ ಎಂದು ಕೇಳಿದ್ದರೂ ಆಡಿಸುತ್ತಿದ್ದಳು.

ಕೂಕೊ ಕ್ಷೌರದಂಗಡಿಯ ಮುಂದೆ ಡಾಮಿನೊ ಆಡುತ್ತಿದ್ದ. ಒನೇಲಿಯಾ ಹೋಗಿ ಮೇಜಿನ ಪಕ್ಕ ನಿಂತಳು.

"ಕೊಂಪಾದ್ರೆ, ನನ್ನ ಗಂಡನ್ನ ಯಾವ ಸಮುದ್ರಕ್ಕೆ ತಳ್ಳಿದ್ರಿ?"

"ಏಳಿಸ್ಬೇಡಿ ಅವನ್ನ," ಎಂದ ಎದುರು ಕೂತವನು. "ಇವತ್ತೊಂದಿನ ಗೆಲ್ತಿದ್ದಾನೆ, ಪಾಪ."

ಯಾರೋ ನಕ್ಕರು. ಕೂಕೊ ಅವಳ ಮುಖ ನೋಡಿ ಕಾಯಿ ಕೆಳಗಿಟ್ಟ.

"ಒಂಬತ್ತನೇ ದಿನದ ಮಾತು ಕೊಮಾದ್ರೆ," ಎಂದ ಕೂಕೊ. "ಒಬ್ಬ, ಎವಾರಿಸ್ತೊ ಹೋರಿ ಕೊಂಬು ಮುರಿದ ಅಂದ. ಇನ್ನೊಬ್ಬ ಪೊಲೀಸರನ್ನ ಓಡಿಸ್ದ ಅಂದ. ನನಗೆ ಉಳಿದಿದ್ದು ಸಮುದ್ರ. ಆ ಹುಡುಗಿ ನಂಬ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

"ಆಮೇಲಾದ್ರೂ ಹೇಳ್ಬೇಕಿತ್ತು."

"ಯಾಕೆ ಹೇಳ್ಲಿ? ಜೀವನ ಪೂರ್ತಿ ನೆಲದಡಿ ಗ್ಯಾರೇಜಲ್ಲಿ ಕಂಡೋರ ಕಾರು ನಿಲ್ಸೋ ಕೆಲ್ಸ ಮಾಡ್ದ. ಆಗ ಯಾರಾದ್ರೂ ಬೋರ್ಡು ಹಾಕಿದ್ರಾ? ಈಗ ಗೋಡೆ ಮೇಲಿದ್ದಾನೆ. ಇರ್ಲಿ ಬಿಡಿ."

ಒನೇಲಿಯಾ ಮನೆಗೆ ಬಂದಳು.

ಎವಾರಿಸ್ತೊ ಬೋರ್ಡಿಗೆ ತಕ್ಕವನಲ್ಲ, ನಿಜ. ದ್ವೀಪದ ಒಳನಾಡಿನ ಮೋಕಾ ಊರಿನವನು. ಅಕ್ಕ ಕಾಗದ ಪತ್ರ ಮಾಡಿಸಿ ಕರೆಸಿಕೊಂಡಿದ್ದಳು. ಭಾವನ ಸೂಟು ತೊಟ್ಟು ವಿಮಾನದಲ್ಲಿ ಬಂದ, ಪಕ್ಕದವರ ಮೇಲೆ ವಾಂತಿ ಮಾಡಿದ. ಕಡಲತೀರಕ್ಕೆ ಕರೆದೊಯ್ದರೆ ಕಾಲುಚೀಲ ಕಳಚುತ್ತಿರಲಿಲ್ಲ. ರೇಡಿಯೊದಲ್ಲಿ ಬೇಸ್‌ಬಾಲ್ ಹೇಳುವವನ ಜೊತೆ ಜಗಳಕ್ಕೆ ಬೀಳುತ್ತಿದ್ದ. ಅವಳ ಅಡುಗೆ ಚೆನ್ನಾಗಿದೆ ಎಂದು ಒಂದು ಸಲವೂ ಹೇಳಲಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಕಡಿಯದ ಹಾಗೆ ಒಂದೇ ಎಳೆಯಾಗಿ ಸುಲಿದು, ಹಣ್ಣನ್ನು ಅವಳ ತಟ್ಟೆಗೆ ಇಟ್ಟು, ಮಾತಾಡದೆ ಎದ್ದು ಹೋಗುತ್ತಿದ್ದ.

ಅವನು ಹಣ್ಣು ಸುಲಿಯುವುದನ್ನು ನೆನೆಯುತ್ತ ಕೂತಳು. ಏಳು ತಿಂಗಳಿಂದ ಅವಳು ಬದುಕಿದ್ದೇ ಹೀಗೆ. ಇವತ್ತು ಅವನು ನೆನಪಿಗೆ ಬರಲಿಲ್ಲ. ಬೆನ್ನ ಮೇಲೆ ಇಬ್ಬರನ್ನು ಹೊತ್ತು ಒದ್ದೆ ಮೈಯವನೊಬ್ಬ ಬಂದ. ಅವನ ಪರಿಚಯ ಅವಳಿಗಿರಲಿಲ್ಲ. ನಾಳಿದ್ದು ಶುಕ್ರವಾರದಿಂದ ಬೀದಿಯವರಿಗೆಲ್ಲ ಎವಾರಿಸ್ತೊ ಅಂದರೆ ಇವನೇ. ಸ್ವಲ್ಪ ದಿನ ಹೋದರೆ ತನಗೂ ಇವನೇ ಉಳಿಯುತ್ತಾನೆ. ಅವಳಿಗೆ ಭಯವಾಯಿತು.

ಮಾರನೇ ಬೆಳಿಗ್ಗೆ ಕೂಕೊನ ಬಾಗಿಲು ಬಡಿದಳು. "ಚಪ್ಪಲಿ ಮೆಟ್ಕೊಳ್ಳಿ. ನೀವೇ ಬಂದು ಹೇಳ್ಬೇಕು."

ಸಂಸ್ಥೆಯ ಹುಡುಗಿಯ ಹೆಸರು ಯಾಹೈರಾ. ನ್ಯೂಯಾರ್ಕಿನಲ್ಲೇ ಹುಟ್ಟಿದವಳು. ಅವರ ಮನೆಯಲ್ಲಿ ಯಾರೇ ಸತ್ತರೂ ಹೆಣವನ್ನು ದ್ವೀಪಕ್ಕೆ ಕಳಿಸುತ್ತಿದ್ದರು, ಒಂಬತ್ತು ದಿನವೂ ಅಲ್ಲೇ ಆಗುತ್ತಿತ್ತು. ಎವಾರಿಸ್ತೊನದಕ್ಕೆ ಮೊದಲು ಇವಳು ಯಾವತ್ತೂ ಅದಕ್ಕೆ ಕೂತವಳಲ್ಲ. ಕೂಕೊ ನೆಲ ನೋಡುತ್ತ ಹೇಳಿ ಮುಗಿಸಿದಾಗ ಅವಳ ಮುಖ ಬಿಳಿಚಿಕೊಂಡಿತು.

"ಆದ್ರೆ ದೋನ್ಯಾ ಒನೇಲಿಯಾ, ಅಲ್ಲಿದ್ದೋರೆಲ್ಲ ಹೌದು ಹೌದು ಅಂದ್ರಲ್ಲ!"

"ಅಂತಾರೆ ಮಗಳೇ. ಅವತ್ತು ಅನ್ಲೇಬೇಕು."

"ತಿದ್ದಬಹುದು. ಆದ್ರೆ..." ಹುಡುಗಿ ತಡೆದಳು. "ಇದು ದೋಣೀಲಿ ಬಂದೋರ ಪ್ರದರ್ಶನ. ವಿಮಾನದಲ್ಲಿ ಬಂದಿದ್ರೆ ಅವರಿಗಿಲ್ಲಿ ಜಾಗ ಇರಲ್ಲ. ಫೋಟೊನೂ ತೆಗೀಬೇಕಾಗತ್ತೆ."

ಒನೇಲಿಯಾ ಗೋಡೆ ನೋಡಿದಳು. ದೊಡ್ಡ ಫೋಟೊ. ಒಳ್ಳೆಯ ಬೆಳಕು. ಅವನನ್ನು ಅಷ್ಟು ಎತ್ತರದಲ್ಲಿ ಯಾರೂ ಇಟ್ಟಿರಲಿಲ್ಲ, ಮುಂದೆ ಇಡುವವರೂ ಇಲ್ಲ.

"ಇಳಿಸು," ಎಂದಳು.

ಯಾಹೈರಾ ಕುರ್ಚಿ ಹತ್ತಿ ಬೋರ್ಡು ಇಳಿಸಿದಳು. ಕೂಕೊ ಕೆಳಗೆ ನಿಂತು ಹಿಡಿದುಕೊಂಡ.

"ನಿಮ್ಮ ದೋಣೀಲಿ ಆ ಇಬ್ಬರನ್ನ ಯಾರು ಎತ್ತಿದ್ದು ಕೊಂಪಾದ್ರೆ?" ಎಂದು ಒನೇಲಿಯಾ ಕೇಳಿದಳು. ಕೂಕೊ ದೋಣಿಯಲ್ಲಿ ಬಂದವನು ಎಂದು ಅವಳಿಗೆ ಗೊತ್ತಿತ್ತು. ಅವನು ಅದರ ಮಾತು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಕತೆಯ ಇಬ್ಬರು ಆ ದೋಣಿಯವರೇ ಇರಬೇಕೆಂದು ಅವಳಿಗೆ ಈಗ ಹೊಳೆದಿತ್ತು.

"ಯಾರೂ ಎತ್ಲಿಲ್ಲ, ಇಬ್ರೂ ಮುಳುಗಿದ್ರು," ಎಂದ ಕೂಕೊ. "ಎವಾರಿಸ್ತೊ ಇದ್ದಿದ್ರೆ ಎತ್ತೋನು ಅನ್ಸಿತ್ತು. ಅಷ್ಟೇ."

ಅವಳು ಅವನ ತೋಳು ಮುಟ್ಟಿದಳು.

"ನಿಜವಾಗ್ಲೂ ಹೇಗಿದ್ರು ಅವರು?" ಎಂದು ಯಾಹೈರಾ ಕೇಳಿದಳು. "ಗೋಡೆಗಲ್ಲ. ಇಲ್ಲಿಟ್ಕೊಳ್ಳೋಕೆ." ಯಂತ್ರ ಮೇಜಿನ ಮೇಲಿಟ್ಟಳು.

ಒನೇಲಿಯಾ ಕೂತು ಹೇಳಿದಳು. ಕಾಲುಚೀಲ ಹೇಳಿದಳು, ವಾಂತಿ ಹೇಳಿದಳು. ಅವನ ಸಿಟ್ಟು, ಗೊರಕೆ, ಅವಳ ತಂಗಿಯ ಜೊತೆ ಮಾತು ಬಿಟ್ಟ ವರ್ಷ, ಕಿತ್ತಳೆ ಹಣ್ಣು. ಕೂಕೊ ನಡುವೆ ಬಾಯಿ ತೆರೆದು ತಾನೇ ಮುಚ್ಚಿಕೊಂಡ.

"ಕೊನೇಲಿ ಏನಾದ್ರೂ ಹೇಳಿದ್ರಾ?"

"ಹೇಳ್ದ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹತ್ರ ಕರ್ದ. ಏನೋ ಒಳ್ಳೇ ಮಾತು ಹೇಳ್ತಾನೆ ಅಂತ ಬಗ್ಗಿದೆ. 'ಕಾರು ಆ ಬದಿಗೆ ಸರ್ಸು, ನಾಳೆ ಬೀದಿ ಗುಡಿಸ್ತಾರೆ, ದಂಡ ಬೀಳತ್ತೆ' ಅಂದ."

ಕೂಕೊ ಫಕ್ಕನೆ ನಕ್ಕ. "ಸರ್ಸಿದ್ರಾ?"

"ಎಲ್ಲಿ ಸರ್ಸೋದು? ದಂಡದ ಚೀಟಿ ಅಂಟ್ಸಿ ಹೋದ್ರು."

ಹುಡುಗಿಯೂ ನಕ್ಕಳು. ಆಮೇಲೆ ಒನೇಲಿಯಾ ನಕ್ಕಳು. ಚೀಟಿ ಕಂಡಿದ್ದರೆ ಅವನು ಹೇಗೆ ಕೂಗಾಡುತ್ತಿದ್ದ ಎಂಬುದು ಅವಳಿಗೆ ಕೇಳಿಸಿತು. ಅದು ಅವನದೇ ದನಿ. ಯಂತ್ರ ನಿಲ್ಲಿಸಲೇ ಎಂದು ಯಾಹೈರಾ ಕೇಳಿದ್ದಕ್ಕೆ ಅವಳು ಬೇಡವೆಂದು ಕೈ ಮಾಡಿ, ಕಣ್ಣೊರೆಸಿಕೊಂಡು, ಆ ಕಾರನ್ನು ಅವನು ಕೊಂಡ ಕತೆಗೆ ಬಂದಳು.