ಯಾವಗಲ್ಲಿನಿಂದ ಬಂದ ಕ್ಯಾನು

2005ರಲ್ಲಿ ನಾನು ರೋಣದಲ್ಲಿ ಫಿಜಿಷಿಯನ್ ಆಗಿದ್ದೆ. ಯಾವಗಲ್ಲಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಮೆಹಬೂಬನನ್ನು ಒಂದು ಮಧ್ಯಾಹ್ನ ಹೊತ್ತು ತಂದರು. ಇಪ್ಪತ್ತಾರರ ಹುಡುಗ. ತಲೆ ಸಿಡಿಯುವ ನೋವು, ಮೈಯೆಲ್ಲ ಬೆವರು, ಬಿಪಿ 250/140. ಅರ್ಧ ತಾಸಿನಲ್ಲಿ ಎಲ್ಲ ಇಳಿದು, ನಗುತ್ತ ಚಹಾ ಕೇಳಿದ.

ಹುಬ್ಬಳ್ಳಿಯ ಸ್ಕ್ಯಾನಿಂಗಿನಲ್ಲಿ ಅಡ್ರಿನಲ್ ಗ್ರಂಥಿಯಲ್ಲೊಂದು ಗಡ್ಡೆ ಕಂಡಿತು. ಮೂತ್ರಪಿಂಡದ ಮೇಲಿರುವ ಈ ಗ್ರಂಥಿ, ನಾವು ಹೆದರಿದಾಗ ಕ್ಯಾಟೆಕೊಲಮೈನ್ ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಎದೆ ಡವಗುಟ್ಟುವುದು, ಬಿಪಿ ಏರುವುದು ಅವುಗಳಿಂದಲೇ. ಫಿಯೋಕ್ರೊಮೊಸೈಟೋಮಾ ಎಂಬ ಈ ಗಡ್ಡೆ ಹೆದರಿಕೆಯೇ ಇಲ್ಲದೆ ಅವನ್ನು ಸುರಿಯುತ್ತದೆ. ಆಪರೇಷನ್ನಿಗೆ ತಯಾರಿ ನಡೆದಿದ್ದಾಗಲೇ ಮತ್ತೊಮ್ಮೆ ಬಿಪಿ ಏರಿ ಮೆಹಬೂಬ ತೀರಿಕೊಂಡ.

ಅವನ ತಂದೆಯೂ ಇಂಥ ತಲೆನೋವಿನಲ್ಲೇ ಹೋದರೆಂದು ತಾಯಿ ಖಾಜಾಬಿ ಆಮೇಲೆ ಹೇಳಿದರು. ಈ ಗಡ್ಡೆ ಕೆಲವು ಮನೆತನಗಳಲ್ಲಿ ವಂಶದಿಂದಲೇ ಬರುತ್ತದೆ. ಕೆಟ್ಟ ಜೀನ್ ತಂದೆಯಿಂದ ಬಂದಿದ್ದರೆ, ಅದು ಪ್ರತಿ ಮಗುವಿಗೂ ಇಳಿಯುವ ಸಾಧ್ಯತೆ ಅರ್ಧಕ್ಕರ್ಧ. ಉಳಿದವಳು ತಂಗಿ ಶಬಾನಾ. ನರಗುಂದದ ಹುಡುಗನೊಂದಿಗೆ ಅವಳ ನಿಕಾ ಗೊತ್ತಾಗಿತ್ತು. ಮೆಹಬೂಬನ ಸುದ್ದಿ ಕೇಳಿದ ಬೀಗರು, ಎತ್ತು ಕೊಳ್ಳುವವರು ಹಲ್ಲು ನೋಡಿದ ಹಾಗೆ, ಹುಡುಗಿಗೆ ರೋಗವಿಲ್ಲವೆಂದು ಡಾಕ್ಟರೇ ಹೇಳಲಿ ಎಂದು ಪಟ್ಟು ಹಿಡಿದಿದ್ದರು.

ನನ್ನೆದುರು ಶಬಾನಾಳ ಬಿಪಿ ಸರಿಯಾಗಿಯೇ ಇತ್ತು. ಬಂದು ಹೋಗುವ ರೋಗದಲ್ಲಿ ಅದನ್ನು ನಂಬುವಂತಿಲ್ಲ. ಜೀನ್ ಪರೀಕ್ಷೆ ಆಗ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಒಂದು ಇಡೀ ದಿನದ ಮೂತ್ರ ಸಂಗ್ರಹಿಸಿ ಅದರಲ್ಲಿ ಕ್ಯಾಟೆಕೊಲಮೈನ್ ಅಳೆಯುವುದೇ ಮೊದಲ ದಾರಿ; ಅದು ಹೆಚ್ಚಿದ್ದರೆ ಮಾತ್ರ ಸ್ಕ್ಯಾನಿಂಗ್. ಮೂತ್ರ ಕೆಡದಂತೆ ಆಸಿಡ್ ಹಾಕಿದ ಕ್ಯಾನು ಕೊಟ್ಟು ಕಳಿಸಿದೆ. ಖಾಜಾಬಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದರು.

ವರದಿ ನಾರ್ಮಲ್ ಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

"ಏನೂ ಇಲ್ರಿ. ನಿಕಾ ಮಾಡ್ರಿ, ವರ್ಷಕ್ಕೊಮ್ಮೆ ತೋರಸ್ರಿ," ಎಂದೆ. ಖಾಜಾಬಿ ಅತ್ತರು. ಸಂತೋಷಕ್ಕೆ ಎಂದುಕೊಂಡೆ.

ವರ್ಷ ತುಂಬುವುದರೊಳಗೆ, ಹೆರಿಗೆ ನೋವಿನಲ್ಲಿ ಬಿಪಿ ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಶಬಾನಾ ಹೋದಳು. ಹೆಣ್ಣುಮಗು ಉಳಿಯಿತು. ನಲವತ್ತನೆಯ ದಿನದ ಕಾರ್ಯ ಮುಗಿಸಿ ಖಾಜಾಬಿ ಮಗುವನ್ನೆತ್ತಿಕೊಂಡು ನನ್ನಲ್ಲಿಗೆ ಬಂದರು.

"ಆ ವರದಿ ಹ್ಯಾಂಗ ತಪ್ಪಿತೋ ನನಗ ತಿಳೀವಲ್ದು," ಎಂದೆ.

"ವರದಿ ತಪ್ಪಿಲ್ರಿ ಡಾಕ್ಟ್ರ. ಆ ಕ್ಯಾನಿನ್ಯಾಗ ಇದ್ದದ್ದು ನಂದು. ಆಕಿಗೂ ತಲಿನೋವು ಬರ್ತಿತ್ರಿ. ಖರೇ ಹೇಳಿದ್ರ ನಿಕಾ ಮುರೀತಿತ್ತು."

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವನು ಮಗುವನ್ನು ನೋಡಿ ಖಾಜಾಬಿಗೆ ಕುರ್ಚಿ ಎಳೆದುಕೊಟ್ಟೆ.

ಅಂದಿನಿಂದ ನಿವೃತ್ತಿಯವರೆಗೆ, ಯಾರಿಗೇ ಕ್ಯಾನು ಕೊಡುವ ಮೊದಲೂ ವರದಿ ಕೆಟ್ಟದಾಗಿ ಬಂದರೆ ಮನೆಯಲ್ಲಿ ಏನು ಮುರಿಯುತ್ತದೆ ಎಂದು ಕೇಳುತ್ತಿದ್ದೆ. ಕಸುಬು ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದು ಶಬಾನಾಳಿಗೆ ಉಪಯೋಗವಾಗಲಿಲ್ಲ.

ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಎಂದು ಅಂದು ಖಾಜಾಬಿಗೆ ಹೇಳಲೇಬೇಕಾಯಿತು. ಆಕೆ ಅದರ ಮುಖವನ್ನೇ ನೋಡುತ್ತ ಕೇಳಿದರು: "ಈಕಿ ಯಾವ ಅರ್ಧದಾಗ ಅದಾಳ್ರಿ?"